ದಮ್ಮು ಬಿಟ್ಟ ಮೇಲೂ ದಮ್ಮು ಯಾಕೆ?

ಕನ್ನಡದಲ್ಲಿ ‘ದಮ್ಮು’ ಅನ್ನೋ ಪದಕ್ಕೆ ಒಂದು ತಮಾಷೆ ಇದೆ. ಬೀಡಿ ಹಚ್ಚಿ ಒಂದ್ಸಲ ಎಳೆದ್ರೆ ಅದು ದಮ್ಮು. ಮಹಡಿ ಮೆಟ್ಟಿಲು ಹತ್ತಿ ಏದುಸಿರು ಬಿಡ್ತಾ ಗೋಡೆ ಹಿಡ್ಕೊಂಡು ನಿಂತ್ರೆ ಅದೂ ದಮ್ಮೇ. ಕಾರಣಕ್ಕೂ ಕಾಯಿಲೆಗೂ ಒಂದೇ ಹೆಸರು. ಹಾಗಾಗಿ ನಾವೆಲ್ಲ ಸಹಜವಾಗಿ ಅಂದ್ಕೊಳ್ಳೋದು ಏನು ಅಂದ್ರೆ, ಮೊದಲನೇ ದಮ್ಮು ಬಿಟ್ಟರೆ ಎರಡನೇ ದಮ್ಮು ತಾನಾಗೇ ಹೋಗುತ್ತೆ.

ಆದ್ರೆ ಯಾವ ಊರಿನ ಶ್ವಾಸಕೋಶ ತಜ್ಞರನ್ನ ಬೇಕಾದ್ರೂ ಕೇಳಿ, ಅವರ ಮುಂದೆ ಕೂತು ಈ ಮಾತು ಹೇಳಿದವರು ನೂರಾರು ಜನ ಇರ್ತಾರೆ: “ಬಿಟ್ಟು ಐದು ವರ್ಷ ಆಯ್ತು ಡಾಕ್ಟ್ರೇ, ಒಂದೇ ಒಂದು ಮುಟ್ಟಿಲ್ಲ. ಆದ್ರೂ ಬೆಳಗಾದ್ರೆ ಕಫ, ಸಂತೆಗೆ ಹೋಗಿ ಬಂದ್ರೆ ದಮ್ಮು. ಹಾಗಾದ್ರೆ ಬಿಟ್ಟು ಏನು ಸುಖ ಬಂತು?” ಪಕ್ಕದಲ್ಲಿ ಕೂತ ಮನೆಯವರಿಗೆ ಒಳಗೊಳಗೇ ಅನುಮಾನ. ಇವರು ಕದ್ದು ಸೇದ್ತಿದ್ದಾರೇನೋ ಅಂತ.

ಈ ಪ್ರಶ್ನೆಯನ್ನ ಹಗುರವಾಗಿ ತಗೊಳ್ಳೋ ಹಾಗಿಲ್ಲ. ಸರಿಯಾದ ಉತ್ತರ ಸಿಗದೇ ಹೋದ್ರೆ ಆ ಮನುಷ್ಯ ಮನೆಗೆ ಹೋಗುವಾಗ ದಾರೀಲಿ ಪೆಟ್ಟಿಗೆ ಅಂಗಡಿ ಮುಂದೆ ನಿಲ್ಲಬಹುದು. ಹಾಗಾಗಿ ಇವತ್ತಿನ ಸಂಚಿಕೆ ಪೂರ್ತಿ ಈ ಒಂದು ಪ್ರಶ್ನೆಗೆ. ಇದಕ್ಕೆ ಉತ್ತರ ಹುಡುಕ್ತಾ ನಾವು ಹೋಗ್ತಿರೋದು ಸ್ವೀಡನ್ನಿನ ಸೋಲ್ನಾ ಅನ್ನೋ ಊರಿಗೆ. ಅಲ್ಲಿನ ಸಂಶೋಧಕರು ಮಾಡಿದ ಒಂದು ಕೆಲಸ ಈ ಗಂಟನ್ನ ಬಿಡಿಸೋದಕ್ಕೆ ತುಂಬಾ ಸಹಾಯ ಮಾಡಿದೆ.

ಮೊದಲು ಕಾಯಿಲೆಯ ಹೆಸರು. ವೈದ್ಯರು ಇದನ್ನ ಸಿಓಪಿಡಿ ಅಂತಾರೆ. ಶ್ವಾಸನಾಳ ಕಿರಿದಾಗಿ ಗಾಳಿ ಸರಾಗವಾಗಿ ಹೊರಗೆ ಹೋಗದೆ ಇರೋ ದೀರ್ಘಕಾಲದ ಕಾಯಿಲೆ. ಆಸ್ತಮಾದಲ್ಲೂ ನಾಳ ಕಿರಿದಾಗುತ್ತೆ, ಆದ್ರೆ ಅಲ್ಲಿ ಔಷಧಿ ಹಾಕಿದ್ರೆ ಸಾಮಾನ್ಯವಾಗಿ ಬಹುಪಾಲು ತೆರೆದುಕೊಳ್ಳುತ್ತೆ. ಇಲ್ಲಿ ಪೂರ್ತಿ ತೆರೆದುಕೊಳ್ಳಲ್ಲ. ಸ್ವೀಡನ್ನಿನ ಜನ ಇದನ್ನ ‘ಕೋಲ್’ ಅಂತ ಕರೀತಾರೆ, ಅವರ ಭಾಷೆಯ ಮೂರು ಪದಗಳ ಮೊದಲಕ್ಷರ ಸೇರಿಸಿ. ಅದೇ ಭಾಷೆಯಲ್ಲಿ ಕೋಲ್ ಅಂದ್ರೆ ಇದ್ದಿಲು ಅಂತಲೂ ಅರ್ಥ. ನಮ್ಮ ದಮ್ಮಿನ ಹಾಗೇ ಅವರಿಗೂ ಭಾಷೆಯೇ ಒಂದು ಸುಳಿವು ಕೊಟ್ಟುಬಿಟ್ಟಿದೆ ನೋಡಿ.

ಸೋಲ್ನಾ ಇರೋದು ಸ್ಟಾಕ್‌ಹೋಮ್‌ಗೆ ಅಂಟಿಕೊಂಡು, ಉತ್ತರಕ್ಕೆ. ಎಲ್ಲಿ ರಾಜಧಾನಿ ಮುಗೀತು, ಎಲ್ಲಿ ಸೋಲ್ನಾ ಶುರುವಾಯ್ತು ಅಂತ ಹೊಸಬರಿಗೆ ಗೊತ್ತೇ ಆಗಲ್ಲ. ವೈದ್ಯಕೀಯದ ನೊಬೆಲ್ ಯಾರಿಗೆ ಕೊಡಬೇಕು ಅಂತ ತೀರ್ಮಾನ ಆಗೋದು ಇಲ್ಲಿರೋ ಕರೋಲಿನ್ಸ್ಕಾ ಸಂಸ್ಥೆಯಲ್ಲಿ. ಅದು ಶುರುವಾಗಿದ್ದು 1810ರಲ್ಲಿ. ಪಕ್ಕದಲ್ಲೇ ಕರೋಲಿನ್ಸ್ಕಾ ವಿಶ್ವವಿದ್ಯಾಲಯ ಆಸ್ಪತ್ರೆ.

“ಸ್ವೀಡನ್‌ನಲ್ಲಿ ಸಿಗರೇಟು ಸೇದೋರೇ ಕಮ್ಮಿ ಅಲ್ವಾ, ಅಲ್ಲೇನು ಈ ಕಾಯಿಲೆ?” ಅಂತ ಕೇಳಬಹುದು. ಕಮ್ಮಿ ನಿಜ. ದಿನಾ ಸೇದುವವರು ಈಗ ನೂರಕ್ಕೆ ಐದಾರು ಮಂದಿ ಅಷ್ಟೆ. 2005ರ ಜೂನ್ 1ರಿಂದ ಹೋಟೆಲು, ಬಾರುಗಳ ಒಳಗೆ ಧೂಮಪಾನ ನಿಷೇಧ. 2019ರಲ್ಲಿ ಹೊರಗಿನ ಊಟದ ಜಾಗಗಳಿಗೂ ಆ ನಿಯಮ ಬಂತು. ಆದ್ರೆ ಈ ಕಾಯಿಲೆ ಮೂವತ್ತು ನಲವತ್ತು ವರ್ಷ ಹಿಂದಿನ ಹೊಗೆಯ ಬಾಕಿ ವಸೂಲಿ ಮಾಡೋ ಅಂಥದ್ದು. ಇಂದಿನ ರೋಗಿ ಅಂದಿನ ಧೂಮಪಾನಿ. ಸ್ವೀಡನ್ನಿನ ಉತ್ತರದ ನೊರ್‌ಬಾಟೆನ್ ಪ್ರಾಂತ್ಯದಲ್ಲಿ 1985ರಿಂದ ಜನರ ಶ್ವಾಸಕೋಶವನ್ನ ಅಳೀತಾ ಬಂದಿರೋ ಒಂದು ದೊಡ್ಡ ಅಧ್ಯಯನ ಇದೆ. ಸೇದುವವರಲ್ಲಿ ನೂರಕ್ಕೆ ಹದಿನೈದು ಜನಕ್ಕೆ ಮಾತ್ರ ಈ ಕಾಯಿಲೆ ಬರೋದು ಅಂತ ಪಠ್ಯಪುಸ್ತಕಗಳು ಹೇಳ್ತಾ ಇದ್ವು. ಆ ತಂಡ 2003ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಸೇದುತ್ತಲೇ ಮುಪ್ಪಾದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಕಾಯಿಲೆ ಇತ್ತು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಅಲ್ಲಿ ಸಿಗರೇಟು ಕಮ್ಮಿ ಆಗಿದ್ದರಲ್ಲಿ ‘ಸ್ನೂಸ್’ ಅನ್ನೋ ತುಟಿಯ ಕೆಳಗಿಡೋ ತಂಬಾಕಿನ ಪಾತ್ರವೂ ಇದೆ ಅಂತಾರೆ. ಅದನ್ನ ಕೇಳಿ ಯಾರೂ ನಮ್ಮ ಗುಟ್ಕಾಗೆ ಸರ್ಟಿಫಿಕೇಟ್ ಕೊಡೋಕೆ ಹೋಗಬೇಡಿ. ಗುಟ್ಕಾದಲ್ಲಿ ಅಡಿಕೆ, ಸುಣ್ಣ, ತಂಬಾಕು ಎಲ್ಲ ಸೇರಿರುತ್ತೆ, ಅದು ಬಾಯಿ ಕ್ಯಾನ್ಸರ್ ತರುತ್ತೆ. ಎರಡೂ ಒಂದೇ ಅಲ್ಲ.

ಸರಿ, ಈಗ ಎದೆಯೊಳಗೆ ಹೋಗೋಣ.

ಹೊಗೆ ಒಳಗೆ ಹೋದಾಗ ಏನಾಗುತ್ತೆ? ಶ್ವಾಸನಾಳದ ಒಳಗೋಡೆ ಮೇಲೆ ಸಣ್ಣ ಸಣ್ಣ ರೋಮಗಳಿವೆ. ಗಾಳಿ ಬೀಸಿದಾಗ ಭತ್ತದ ಗದ್ದೆ ಬಾಗೋ ಹಾಗೆ ಇವು ಒಟ್ಟಿಗೆ ಬಾಗಿ ಏಳ್ತಾ ಧೂಳನ್ನೂ ಕಫವನ್ನೂ ಗಂಟಲ ಕಡೆಗೆ ದಬ್ಬುತ್ತಾ ಇರ್ತವೆ. ಹೊಗೆ ಈ ರೋಮಗಳನ್ನ ಮಂಕು ಮಾಡುತ್ತೆ, ಮೋಟು ಮಾಡುತ್ತೆ. ಅದೇ ಹೊತ್ತಿಗೆ ಕಫ ತಯಾರಿಸೋ ಜೀವಕೋಶಗಳು ಜಾಸ್ತಿ ಆಗ್ತವೆ. ಕಸ ಹೆಚ್ಚಾಯ್ತು, ಕಸ ಗುಡಿಸೋರು ಕಮ್ಮಿ ಆದ್ರು. ಬೆಳಗಿನ ಆ ಕೆಮ್ಮು ಇದೇ.

ಗಾಯಗೊಂಡ ಗೋಡೆ ಸುಮ್ನಿರಲ್ಲ, ಸಹಾಯಕ್ಕೆ ಕೂಗುತ್ತೆ. ರಾಸಾಯನಿಕ ಸಂದೇಶಗಳು ಹೊರಡ್ತವೆ, ರಕ್ತದಿಂದ ರಕ್ಷಣಾ ಕೋಶಗಳು ಬಂದು ಸೇರ್ತವೆ. ಇದನ್ನೇ ಉರಿಯೂತ ಅನ್ನೋದು. ಮುಳ್ಳು ಚುಚ್ಚಿದಾಗ ಬೆರಳು ಕೆಂಪಾಗಿ ಊದಿಕೊಳ್ಳುತ್ತಲ್ಲ, ಅದೇ. ಮುಳ್ಳು ತೆಗೆದ ಮೇಲೆ ಬೆರಳು ನಾಲ್ಕು ದಿನದಲ್ಲಿ ಸರಿಹೋಗುತ್ತೆ. ಆದ್ರೆ ದಿನಕ್ಕೆ ಇಪ್ಪತ್ತು ಸಲ, ಮೂವತ್ತು ವರ್ಷ ಅದೇ ಜಾಗಕ್ಕೆ ಚುಚ್ಚಿದ್ರೆ?

ಬರೋ ಕೋಶಗಳಲ್ಲಿ ಮುಖ್ಯವಾದವು ಮೂರು ಜಾತಿ. ಮ್ಯಾಕ್ರೋಫೇಜ್ ಅಂದ್ರೆ ಹೊಗೆಯ ಕಣಗಳನ್ನ ನುಂಗೋ ದೊಡ್ಡ ಹೊಟ್ಟೆಯ ಕೋಶ. ಅಮೆರಿಕದ ಡೆನಿಸ್ ನೀವೋನರ್ ಮತ್ತು ಸಂಗಡಿಗರು 1974ರಲ್ಲಿ, ಆಕಸ್ಮಿಕವಾಗಿ ಸತ್ತ ಯುವ ಧೂಮಪಾನಿಗಳ ಶ್ವಾಸಕೋಶ ಪರೀಕ್ಷೆ ಮಾಡಿದಾಗ, ಅತಿ ಸಣ್ಣ ನಾಳಗಳಲ್ಲಿ ಕಂದು ಬಣ್ಣದ ಮ್ಯಾಕ್ರೋಫೇಜ್‌ಗಳು ಗುಂಪು ಗುಂಪಾಗಿ ಕೂತಿದ್ವು. ಯಾವ ಕಾಯಿಲೆಯೂ ಗೊತ್ತಾಗದ ವಯಸ್ಸಿನಲ್ಲೇ ಒಳಗೆ ಕೆಲಸ ಶುರುವಾಗಿತ್ತು. ಈ ನಾಳಗಳು ಎರಡು ಮಿಲಿಮೀಟರಿಗಿಂತ ಸಣ್ಣವು, ಸಾವಿರಗಟ್ಟಲೆ ಇರ್ತವೆ. ಅದರಲ್ಲಿ ಒಂದಷ್ಟು ಮುಚ್ಚಿಹೋದ್ರೂ ನಮಗೆ ಏನೂ ಅನ್ನಿಸಲ್ಲ. ಅನ್ನಿಸೋ ಹೊತ್ತಿಗೆ ತುಂಬಾ ಮುಚ್ಚಿಹೋಗಿರುತ್ತೆ.

ಎರಡನೆಯದು ನ್ಯೂಟ್ರೋಫಿಲ್. ಇದರ ಕೈಲಿರೋ ಆಯುಧ ಎಲಾಸ್ಟೇಸ್ ಅನ್ನೋ ಕಿಣ್ವ. ಬ್ಯಾಕ್ಟೀರಿಯಾ ಜತೆಗೆ ಶ್ವಾಸಕೋಶದ ಸ್ಥಿತಿಸ್ಥಾಪಕ ನಾರನ್ನೂ ಇದು ಕತ್ತರಿಸಿ ಹಾಕಬಲ್ಲದು. ಈ ಸಂಗತಿ ಜಗತ್ತಿಗೆ ಗೊತ್ತಾದ ಕಥೆಯೂ ಸ್ವೀಡನ್ನಿನದೇ, ಸ್ವಲ್ಪ ನಿಂತು ಹೇಳಬೇಕು. 1963. ದಕ್ಷಿಣದ ಮಾಲ್ಮೊ ನಗರ. ಅಲ್ಲಿನ ಪ್ರಯೋಗಾಲಯದಲ್ಲಿ ಕಾರ್ಲ್-ಬರ್ಟಿಲ್ ಲೌರೆಲ್ ಅನ್ನೋ ವಿಜ್ಞಾನಿ ರೋಗಿಗಳ ರಕ್ತದ ಪ್ರೋಟೀನುಗಳನ್ನ ಕಾಗದದ ಪಟ್ಟಿ ಮೇಲೆ ಬೇರೆ ಬೇರೆ ಮಾಡಿ ನೋಡ್ತಿದ್ರು. ಸುಮಾರು ಸಾವಿರದ ಐನೂರು ಪಟ್ಟಿಗಳಲ್ಲಿ ಐದರಲ್ಲಿ ಮಾತ್ರ ಒಂದು ಗೆರೆ ಇರಬೇಕಾದ ಜಾಗ ಖಾಲಿ. ಬೇರೆಯವರಾಗಿದ್ರೆ ಪಟ್ಟಿ ಕೆಟ್ಟಿದೆ ಅಂತ ಬಿಸಾಕ್ತಿದ್ರೇನೋ. ಇವರು ಸ್ಟೆನ್ ಎರಿಕ್ಸನ್ ಅನ್ನೋ ಯುವ ವೈದ್ಯರ ಜತೆ ಸೇರಿ ಆ ಐದು ಜನ ಯಾರು ಅಂತ ಹುಡುಕಿದ್ರು. ಮೂವರಿಗೆ ಚಿಕ್ಕ ವಯಸ್ಸಿನಲ್ಲೇ ಎಂಫಿಸೀಮಾ, ಅಂದ್ರೆ ಗಾಳಿಗೂಡುಗಳ ಗೋಡೆ ಒಡೆದು ದೊಡ್ಡ ಪೊಳ್ಳು ಆಗೋ ಕಾಯಿಲೆ ಬಂದಿತ್ತು. ಕಾಣೆಯಾಗಿದ್ದ ಪ್ರೋಟೀನು ಆಲ್ಫಾ-1 ಆಂಟಿಟ್ರಿಪ್ಸಿನ್. ಯಕೃತ್ತಿನಲ್ಲಿ ತಯಾರಾಗೋ ಇದರ ದೊಡ್ಡ ಕೆಲಸ ಎಲಾಸ್ಟೇಸ್‌ಗೆ ಮೂಗುದಾರ ಹಾಕೋದು.

ಹುಟ್ಟಿನಿಂದಲೇ ಈ ಪ್ರೋಟೀನು ಕಮ್ಮಿ ಇರೋರು ಅಪರೂಪ. ಆದ್ರೆ ಆ ಐದು ಪಟ್ಟಿಗಳಿಂದ ಎಲ್ಲರಿಗೂ ಅನ್ವಯಿಸೋ ಒಂದು ವಿಚಾರ ಹೊರಬಂತು. ಕತ್ತರಿಸೋ ಕಿಣ್ವ ಒಂದು ಕಡೆ, ಅದನ್ನ ತಡೆಯೋ ಪ್ರೋಟೀನು ಇನ್ನೊಂದು ಕಡೆ, ತಕ್ಕಡಿ ಸಮ ಇದ್ರೆ ಶ್ವಾಸಕೋಶ ಉಳಿಯುತ್ತೆ. ಸಿಗರೇಟಿನ ಹೊಗೆ ಎರಡೂ ತಟ್ಟೆಗೆ ಕೈ ಹಾಕುತ್ತೆ. ನ್ಯೂಟ್ರೋಫಿಲ್‌ಗಳನ್ನ ಕರೆದು ಕಿಣ್ವ ಹೆಚ್ಚಿಸುತ್ತೆ, ತನ್ನಲ್ಲಿರೋ ಆಕ್ಸಿಡೆಂಟ್‌ಗಳಿಂದ ತಡೆಯೋ ಪ್ರೋಟೀನಿನ ಹಿಡಿತವನ್ನೂ ಸಡಿಲ ಮಾಡುತ್ತೆ.

ಮೂರನೆಯದು ಟಿ-ಕೋಶಗಳು, ಅದರಲ್ಲೂ ಸಿಡಿ8 ಅಂತ ಗುರುತಿಸೋವು. ವೈರಸ್ ಹೊಕ್ಕ ಕೋಶಗಳನ್ನ ಕೊಲ್ಲೋದು ಇವುಗಳ ಮಾಮೂಲಿ ಕೆಲಸ. ನಮ್ಮ ಸೋಲ್ನಾ ಕಥೆಯಲ್ಲಿ ಮುಖ್ಯ ಪಾತ್ರ ಇವುಗಳದ್ದೇ.

ಇಲ್ಲಿವರೆಗೆ ಹೇಳಿದ್ದನ್ನೆಲ್ಲ ಕೇಳಿ ನಿಮಗೆ ಒಂದು ಅನುಮಾನ ಬಂದಿರಬೇಕು. ಮ್ಯಾಕ್ರೋಫೇಜ್, ನ್ಯೂಟ್ರೋಫಿಲ್, ಟಿ-ಕೋಶ ಇವೆಲ್ಲ ಸೇದೋ ಪ್ರತಿಯೊಬ್ಬರ ಎದೆಯಲ್ಲೂ ಬಂದು ಸೇರ್ತವೆ. ಆದ್ರೆ ಕಾಯಿಲೆ ಎಲ್ಲರಿಗೂ ಬರಲ್ಲ. “ನಮ್ಮಜ್ಜ ಎಂಬತ್ತರವರೆಗೂ ಬೀಡಿ ಸೇದಿಕೊಂಡೇ ಗದ್ದೆ ಕೆಲಸ ಮಾಡ್ತಿದ್ರು” ಅನ್ನೋ ಮಾತು ಪ್ರತಿ ಊರಲ್ಲೂ ಇದೆ. ಹಾಗಾದ್ರೆ ರೋಗಿಯ ಶ್ವಾಸನಾಳದಲ್ಲಿ ಕಾಣೋ ಉರಿಯೂತದಲ್ಲಿ ಹೊಗೆಯ ಪಾಲು ಎಷ್ಟು, ಕಾಯಿಲೆಯ ಪಾಲು ಎಷ್ಟು?

ಇದು ಕೇಳೋಕೆ ಪಂಡಿತರ ಜಗಳದ ಥರ ಇದೆ. ಆದ್ರೆ ಎಷ್ಟೋ ಅಧ್ಯಯನಗಳು ಈ ಎರಡನ್ನ ಕಲೆಸಿಬಿಟ್ಟಿದ್ವು. ಒಂದು ಕಡೆ ಸಿಗರೇಟು ಸೇದೋ ರೋಗಿಗಳು, ಇನ್ನೊಂದು ಕಡೆ ಯಾವತ್ತೂ ಸೇದದ ಆರೋಗ್ಯವಂತರು. ವ್ಯತ್ಯಾಸ ಕಂಡ್ರೆ “ಇದೇ ಕಾಯಿಲೆಯ ಲಕ್ಷಣ” ಅಂತ ಬರೆದುಬಿಡೋದು. ಅಡುಗೆಮನೆ ಗೋಡೆ ಕಪ್ಪಾಗಿದೆ, ಮಾಡೂ ಸೋರ್ತಾ ಇದೆ, ಹಾಗಾಗಿ ಮಸಿಯಿಂದಲೇ ಮಾಡು ಸೋರೋದು ಅಂದ ಹಾಗೆ.

ಇದನ್ನ ಬೇರ್ಪಡಿಸೋಕೆ ಸೋಲ್ನಾದಲ್ಲಿ ಓಸಾ ವೀಲಾಕ್, ಮ್ಯಾಗ್ನಸ್ ಷೋಲ್ಡ್ ಮತ್ತು ಅವರ ತಂಡ ‘ಕಾಸ್ಮಿಕ್’ ಅನ್ನೋ ಹೆಸರಲ್ಲಿ ಒಂದು ಅಧ್ಯಯನ ಕಟ್ಟಿದ್ರು. ಹೆಸರು ಕೇಳಿ ಆಕಾಶಕ್ಕೆ ಹೋಗಬೇಡಿ, ಅದು ಧೂಮಪಾನದಿಂದ ಬರೋ ಸಿಓಪಿಡಿಯ ಅಧ್ಯಯನ ಅನ್ನೋದರ ಉದ್ದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ಅದರ ಜಾಣತನ ಇರೋದು ಯಾರನ್ನ ಆರಿಸ್ಕೊಂಡ್ರು ಅನ್ನೋದರಲ್ಲಿ. ಯಾವತ್ತೂ ಸೇದದವರು ಒಂದು ಗುಂಪು. ವರ್ಷಗಟ್ಟಲೆ ಸೇದಿದ್ರೂ ಊದೋ ಪರೀಕ್ಷೆಯಲ್ಲಿ ಶ್ವಾಸಕೋಶ ಸರಿಯಾಗೇ ಇರೋರು ಇನ್ನೊಂದು ಗುಂಪು. ಸೇದುತ್ತಲೇ ಇರೋ ರೋಗಿಗಳು, ಸೇದೋದು ಬಿಟ್ಟ ರೋಗಿಗಳು ಮತ್ತೆರಡು. ರೋಗಿಗಳೆಲ್ಲ ಆರಂಭದ ಹಂತದವರು. ಹೆಂಗಸರು ಗಂಡಸರು ಇಬ್ಬರೂ ಬೇರೆ ಬೇರೆಯಾಗಿ ಲೆಕ್ಕ ಹಾಕೋಷ್ಟು ಸಂಖ್ಯೆಯಲ್ಲಿ ಇರಬೇಕು ಅನ್ನೋದನ್ನೂ ಮೊದಲೇ ಯೋಚಿಸಿದ್ರು.

ಆಮೇಲೆ ಎಲ್ಲರ ಶ್ವಾಸಕೋಶವನ್ನ ತೊಳೆದ್ರು. ಹೌದು, ಅಕ್ಷರಶಃ ತೊಳೆಯೋದೇ. ಗಂಟಲಿಗೆ ಮರಗಟ್ಟೋ ಔಷಧಿ ಹಾಕಿ, ಪೆನ್ಸಿಲಿಗಿಂತ ತೆಳ್ಳಗಿನ ಬ್ರಾಂಕೋಸ್ಕೋಪ್ ಅನ್ನೋ ಕೊಳವೆಯನ್ನ ಶ್ವಾಸನಾಳದೊಳಗೆ ಇಳಿಸ್ತಾರೆ. ಅದು ಒಂದು ಕವಲಲ್ಲಿ ಸಿಕ್ಕಿಕೊಂಡು ನಿಂತಾಗ, ಉಗುರು ಬೆಚ್ಚಗಿನ ಉಪ್ಪುನೀರನ್ನ ಸ್ವಲ್ಪ ಸ್ವಲ್ಪವಾಗಿ ಬಿಟ್ಟು, ಮೆಲ್ಲಗೆ ವಾಪಸ್ ಹೀರ್ತಾರೆ. ಹಾಕಿದ್ದೆಲ್ಲ ವಾಪಸ್ ಬರಲ್ಲ, ಬಂದದ್ದರಲ್ಲಿ ಆ ಮೂಲೆಯ ಜೀವಕೋಶಗಳು ತೇಲ್ತಾ ಇರ್ತವೆ. ಸೇದದವರ ನೀರು ಹೆಚ್ಚುಕಮ್ಮಿ ತಿಳಿಯಾಗಿರುತ್ತೆ. ಸೇದೋರದ್ದು ಮಬ್ಬು, ಕೋಶಗಳು ಹಲವು ಪಟ್ಟು ಜಾಸ್ತಿ, ಮ್ಯಾಕ್ರೋಫೇಜ್‌ಗಳ ಹೊಟ್ಟೆ ತುಂಬಾ ಕಂದು ಕಪ್ಪು ಚುಕ್ಕೆ. ಸಿಗರೇಟು ಪ್ಯಾಕಿನ ಮೇಲಿನ ಎಲ್ಲ ಭಯಂಕರ ಚಿತ್ರಗಳಿಗಿಂತ ಈ ಎರಡು ಬಾಟಲಿ ಪಕ್ಕಪಕ್ಕ ಇಟ್ಟು ತೋರಿಸೋದು ಹೆಚ್ಚು ಕೆಲಸ ಮಾಡುತ್ತೆ ಅಂತ ನನ್ನ ಅನಿಸಿಕೆ.

ಆ ಕೋಶಗಳಿಗೆ ಬಣ್ಣದ ಗುರುತು ಅಂಟಿಸಿ ಲೇಸರ್ ಕಿರಣದ ಮುಂದೆ ಒಂದೊಂದಾಗಿ ಹಾಯಿಸ್ತಾರೆ. ಜಾತ್ರೆಗೆ ಬರೋ ಜನರನ್ನ ಕಿರಿದಾದ ಗೇಟಿನಲ್ಲಿ ಒಬ್ಬೊಬ್ಬರಾಗಿ ಬಿಟ್ಟು, ತಲೆ ಮೇಲಿನ ರುಮಾಲಿನ ಬಣ್ಣ ನೋಡಿ ಎಣಿಸಿದ ಹಾಗೆ. ಯಾವ ಟಿ-ಕೋಶ ಎಷ್ಟಿದೆ, ಅದರಲ್ಲಿ ಎಷ್ಟು ಕೆರಳಿವೆ ಅಂತ ಲೆಕ್ಕ ಸಿಗುತ್ತೆ.

ತಂಡದ ಹೆಲೆನಾ ಫೋರ್ಶ್‌ಲುಂಡ್ ಮತ್ತು ಸಂಗಡಿಗರು 2014ರಲ್ಲಿ ಈ ಲೆಕ್ಕ ಪ್ರಕಟಿಸಿದ್ರು. ತೊಳೆದ ನೀರಿನಲ್ಲಿ ಟಿ-ಕೋಶಗಳ ಹಂಚಿಕೆ ಹೇಗಿದೆ ಅನ್ನೋದು ಆ ಮನುಷ್ಯ ಈಗ ಸೇದ್ತಿದ್ದಾನಾ ಇಲ್ವಾ ಅನ್ನೋದರ ಮೇಲೆ ನಿಂತಿತ್ತು. ಅವನ ಶ್ವಾಸನಾಳ ಕಿರಿದಾಗಿದೆಯಾ ಇಲ್ವಾ ಅನ್ನೋದರ ಮೇಲೆ ಅಲ್ಲ. ಸೇದೋ ರೋಗಿಯೂ ಸೇದೋ ಆರೋಗ್ಯವಂತನೂ ಒಂದೇ ಥರ ಕಾಣ್ತಿದ್ರು. ಸಿಡಿ8 ಕೋಶ ಇಬ್ಬರಲ್ಲೂ ಹೆಚ್ಚು. ಬಿಟ್ಟ ರೋಗಿಗಳು ಸೇದದವರ ಕಡೆಗೆ ವಾಲಿದ್ರು.

ಅಂದ್ರೆ, ಕಾಯಿಲೆಯ ಬೆರಳಚ್ಚು ಅಂತ ನಾವು ಅಂದ್ಕೊಂಡಿದ್ದರಲ್ಲಿ ಒಂದಷ್ಟು ಬರೀ ಹೊಗೆಯ ಬೆರಳಚ್ಚು.

ಇಲ್ಲಿ ಸ್ವಲ್ಪ ಎಚ್ಚರಿಕೆ ಬೇಕು. ಬಿಟ್ಟ ರೋಗಿಗಳ ಗುಂಪು ಚಿಕ್ಕದು, ಕಾಯಿಲೆಯೂ ಆರಂಭದ ಹಂತದ್ದು. ಜತೆಗೆ, ತೊಳೆದ ನೀರಿನಲ್ಲಿ ಬರೋದು ನಾಳದ ಒಳಗೆ ತೇಲಾಡೋ ಕೋಶಗಳು. ಗೋಡೆಯೊಳಗೆ ಹುದುಗಿಕೊಂಡು ಕೂತಿರೋವು ಈ ನೀರಿಗೆ ಬರಲ್ಲ. ಇಟಲಿಯ ಪಾಡುವಾದಲ್ಲಿ ಮರೀನಾ ಸಯೆಟ್ಟಾ ಮತ್ತು ಸಂಗಡಿಗರು 1990ರ ದಶಕದ ಕೊನೆಗೆ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಶ್ವಾಸಕೋಶದ ತುಂಡುಗಳಲ್ಲಿ ಸಣ್ಣ ನಾಳದ ಗೋಡೆಯನ್ನೇ ನೋಡಿದ್ರು. ಅಲ್ಲಿ ಸೇದೋ ರೋಗಿಗಳಲ್ಲಿ ಸಿಡಿ8 ಕೋಶಗಳು ಸೇದೋ ಆರೋಗ್ಯವಂತರಿಗಿಂತ ಹೆಚ್ಚಿದ್ವು. ಹಾಗಾಗಿ ಅಂಗಳಕ್ಕೂ ಗೋಡೆಗೂ ವ್ಯತ್ಯಾಸ ಇದೆ. ನಾನು ಇವೆರಡನ್ನ ಜಗಳ ಅಂತ ಓದಲ್ಲ. ಸೇದ್ತಿರೋವರೆಗೂ ಅಂಗಳದಲ್ಲಿ ಹೊಗೆಯ ಗದ್ದಲ ಎಷ್ಟಿರುತ್ತೆ ಅಂದ್ರೆ, ಗೋಡೆಯೊಳಗಿನ ಕಾಯಿಲೆಯ ಸದ್ದು ಕೇಳಿಸೋದೇ ಇಲ್ಲ.

ಈಗ ಬಿಟ್ಟವರ ಕಡೆ ಬರೋಣ. ನೆದರ್ಲೆಂಡ್ಸ್‌ನ ಖ್ರೋನಿಂಗನ್‌ನಲ್ಲಿ ಒಂದು ತಂಡ ಸೇದೋರನ್ನ ಬಿಡಿಸಿ, ಒಂದು ವರ್ಷ ಕಾದು, ಮುಂಚೆಯೂ ಆಮೇಲೂ ಅವರ ಕಫ ಪರೀಕ್ಷೆ ಮಾಡ್ತು. ಫಲಿತಾಂಶ ಬಂದಿದ್ದು 2005ರಲ್ಲಿ. ಕಾಯಿಲೆ ಇಲ್ಲದೆ ಸೇದ್ತಿದ್ದವರಲ್ಲಿ ಉರಿಯೂತ ಇಳೀತು. ಸಿಓಪಿಡಿ ಬಂದಾಗಿದ್ದವರಲ್ಲಿ ಇಳೀಲಿಲ್ಲ. ಕಫದಲ್ಲಿ ನ್ಯೂಟ್ರೋಫಿಲ್ ಸಂಖ್ಯೆ ಹೆಚ್ಚೇ ಆಗಿತ್ತು!

ಐದು ವರ್ಷ ಮುಟ್ಟದೇ ಇದ್ದ ಆ ಮನುಷ್ಯನ ಕಫಕ್ಕೆ ಉತ್ತರ ಇಲ್ಲಿದೆ. ಅವನು ಸುಳ್ಳು ಹೇಳ್ತಿಲ್ಲ. ಹೊಗೆ ಹಚ್ಚಿದ ಬೆಂಕಿ ಒಂದು ಹಂತ ದಾಟಿದ ಮೇಲೆ ಹೊಗೆ ಇಲ್ಲದೆಯೂ ಉರಿಯುತ್ತೆ. ಯಾಕೆ ಅನ್ನೋದಕ್ಕೆ ಒಂದೇ ಕಾರಣ ಅಂತ ಯಾರೂ ಗೆರೆ ಎಳೆದಿಲ್ಲ. ಕಫ ಹೊರಗೆ ಹೋಗದ ನಾಳಗಳಲ್ಲಿ ಬ್ಯಾಕ್ಟೀರಿಯಾ ನೆಲೆಯೂರ್ತವೆ, ಅವು ಉರಿಯೂತವನ್ನ ಜೀವಂತ ಇಡ್ತವೆ. ಕೆನಡಾದ ಜೇಮ್ಸ್ ಹಾಗ್ ತಂಡ 2004ರಲ್ಲಿ ತೋರಿಸಿದ ಹಾಗೆ, ಕಾಯಿಲೆ ಬಲಿತ ಶ್ವಾಸಕೋಶದ ಸಣ್ಣ ನಾಳಗಳ ಗೋಡೆಯಲ್ಲಿ ರಕ್ಷಣಾ ಕೋಶಗಳು ಗಂಟುಗಟ್ಟಿ, ತಮ್ಮದೇ ಒಂದು ಪಾಳೆಯ ಹಾಕಿಕೊಂಡಿರ್ತವೆ. ದೇಹ ತನ್ನದೇ ಅಂಗಾಂಶದ ಮೇಲೆ ತಿರುಗಿ ಬೀಳ್ತಿರಬಹುದು ಅನ್ನೋ ವಾದವೂ ಇದೆ. ಇದರ ಜತೆಗೆ, ಒಮ್ಮೆ ಒಡೆದ ಗಾಳಿಗೂಡು ಮತ್ತೆ ಕಟ್ಟಿಕೊಳ್ಳಲ್ಲ, ಗಾಯದ ಕಲೆ ಕಟ್ಟಿ ದಪ್ಪಗಾದ ನಾಳ ಮತ್ತೆ ತೆಳ್ಳಗಾಗಲ್ಲ. ದಮ್ಮಿನ ದೊಡ್ಡ ಪಾಲು ಈ ಕಳೆದುಹೋದ ಅಂಗಾಂಶದ್ದು.

“ಹಾಗಾದ್ರೆ ಬಿಟ್ಟು ಏನು ಸುಖ?” ಪ್ರಶ್ನೆ ಅಲ್ಲೇ ನಿಂತಿದೆ ಅಲ್ವಾ. ಇದಕ್ಕೆ ಲೆಕ್ಕದ ಉತ್ತರ ಇದೆ.

ಒಂದೇ ಸೆಕೆಂಡಿನಲ್ಲಿ ಎಷ್ಟು ಗಾಳಿ ಊದಬಲ್ಲೆವು ಅನ್ನೋದು ಶ್ವಾಸಕೋಶದ ಬ್ಯಾಂಕ್ ಬ್ಯಾಲೆನ್ಸ್ ಇದ್ದ ಹಾಗೆ. ಇಪ್ಪತ್ತೈದರ ಆಸುಪಾಸಿನ ನಂತರ ಎಲ್ಲರದ್ದೂ ವರ್ಷಾವರ್ಷ ಸ್ವಲ್ಪ ಕರಗುತ್ತೆ. ಲಂಡನ್ನಿನ ಚಾರ್ಲ್ಸ್ ಫ್ಲೆಚರ್ ಮತ್ತು ರಿಚರ್ಡ್ ಪೀಟೊ ಎಂಟು ವರ್ಷ ದುಡಿಯೋ ಗಂಡಸರನ್ನ ಹಿಂಬಾಲಿಸಿ 1977ರಲ್ಲಿ ಬರೆದ ಗೆರೆಯನ್ನ ಇವತ್ತಿಗೂ ವೈದ್ಯ ವಿದ್ಯಾರ್ಥಿಗಳು ಓದ್ತಾರೆ: ಹೊಗೆ ತಾಗೋ ಮೈಯಾದ್ರೆ ಗೆರೆ ಕಡಿದಾಗಿ ಇಳಿಯುತ್ತೆ, ಬಿಟ್ಟರೆ ಹೋದದ್ದು ವಾಪಸ್ ಬರಲ್ಲ, ಆದ್ರೆ ಅಲ್ಲಿಂದ ಮುಂದೆ ಇಳಿಯೋ ವೇಗ ಸಹಜ ಮಟ್ಟಕ್ಕೆ ಬರುತ್ತೆ. ಆಮೇಲೆ ಅಮೆರಿಕ, ಕೆನಡಾದಲ್ಲಿ ಆರಂಭದ ಹಂತದ ಕಾಯಿಲೆ ಇದ್ದ 5,887 ಧೂಮಪಾನಿಗಳ ಮೇಲೆ ದೊಡ್ಡ ಪ್ರಯೋಗ ನಡೀತು. ಹನ್ನೊಂದು ವರ್ಷದ ಲೆಕ್ಕ 2002ರಲ್ಲಿ ಬಂತು. ಸೇದುತ್ತಲೇ ಇದ್ದ ಗಂಡಸರು ವರ್ಷಕ್ಕೆ ಸುಮಾರು 66 ಮಿಲಿಲೀಟರ್ ಕಳ್ಕೊಂಡ್ರು, ಶುರುವಿನಲ್ಲೇ ಬಿಟ್ಟವರು 30. ಹೆಂಗಸರಲ್ಲಿ 54 ಮತ್ತು 22. ಗಂಡಸರ ಲೆಕ್ಕವನ್ನ ಹನ್ನೊಂದು ವರ್ಷಕ್ಕೆ ಗುಣಿಸಿದ್ರೆ ವ್ಯತ್ಯಾಸ ಸುಮಾರು 400 ಮಿಲಿಲೀಟರ್. ಎರಡು ಲೋಟ. ಆರೋಗ್ಯವಂತನಿಗೆ ಎರಡು ಲೋಟ ಗಾಳಿ ದೊಡ್ಡದಲ್ಲ. ಒಂದೂವರೆ ಲೀಟರ್ ಮಾತ್ರ ಉಳಿದಿರೋನಿಗೆ ಅದು, ಸ್ನಾನದ ಮನೆಗೆ ತಾನೇ ನಡೆದು ಹೋಗೋದಕ್ಕೂ ಆಮ್ಲಜನಕದ ಸಿಲಿಂಡರಿಗೂ ನಡುವಿನ ಅಂತರ.

ಅದೇ ಪ್ರಯೋಗದಲ್ಲಿ ಕೆಲವರಿಗೆ ನಾಳ ಹಿಗ್ಗಿಸೋ ಇನ್‌ಹೇಲರ್ ಕೂಡ ಕೊಟ್ಟಿದ್ರು. ಅದರಿಂದ ತಕ್ಷಣ ಉಸಿರು ಹಗುರ ಆಯ್ತು, ಆದ್ರೆ ವರ್ಷಾವರ್ಷದ ಇಳಿತ ಕಮ್ಮಿ ಆಗಲಿಲ್ಲ. ಬಿಟ್ಟದ್ದರಿಂದ ಕಮ್ಮಿ ಆಯ್ತು.

ಉರಿಯೂತವೇ ಕಾರಣ ಅಂದ್ರೆ ಅದನ್ನ ಅಡಗಿಸೋ ಔಷಧಿ ಕೊಡಬಹುದಲ್ಲ? ಆಸ್ತಮಾದಲ್ಲಿ ಸ್ಟೀರಾಯ್ಡ್ ಇನ್‌ಹೇಲರ್ ಪವಾಡ ಮಾಡ್ತು, ಹಾಗಾಗಿ ಇಲ್ಲೂ ಮಾಡುತ್ತೆ ಅಂತ ಆಸೆ ಇತ್ತು. ಬಹಳ ರೋಗಿಗಳಲ್ಲಿ ಹಾಗಾಗಲಿಲ್ಲ. ಸ್ಟೀರಾಯ್ಡ್ ಕೆಲಸ ಮಾಡೋಕೆ ಬೇಕಾದ ಒಂದು ಕಿಣ್ವ ಈ ರೋಗಿಗಳ ಕೋಶಗಳಲ್ಲಿ ಕುಗ್ಗಿರುತ್ತೆ ಅಂತ ಲಂಡನ್ನಿನ ಪೀಟರ್ ಬಾರ್ನ್ಸ್ ತಂಡ ತೋರಿಸಿತು. ಸೇದುತ್ತಲೇ ಇನ್‌ಹೇಲರ್ ತಗೊಳ್ಳೋರಿಗೆ ಪ್ರಯೋಜನ ಇನ್ನೂ ಕಮ್ಮಿ. ಸಂಧಿವಾತಕ್ಕೆ ಕೊಡೋ ಇನ್‌ಫ್ಲಿಕ್ಸಿಮಾಬ್ ಅನ್ನೋ ದುಬಾರಿ ಔಷಧಿಯ ಪ್ರಯೋಗವೂ 2007ರಲ್ಲಿ ನಿರಾಶೆಯಲ್ಲಿ ಮುಗೀತು. ಈಗ ರಕ್ತದಲ್ಲಿ ಇಯೋಸಿನೋಫಿಲ್ ಅನ್ನೋ ಕೋಶ ಹೆಚ್ಚಿರೋರನ್ನ ಗುರುತಿಸಿ ಅವರಿಗೆ ಸ್ಟೀರಾಯ್ಡ್ ಕೊಡ್ತಾರೆ. ಅಂಥವರಲ್ಲಿ ಕಾಯಿಲೆ ಪದೇ ಪದೇ ಉಲ್ಬಣಿಸುತ್ತಿದ್ದರೆ ಡುಪಿಲುಮಾಬ್ ಅನ್ನೋ ಚುಚ್ಚುಮದ್ದಿಗೆ 2024ರಲ್ಲಿ ಯುರೋಪು, ಅಮೆರಿಕಗಳಲ್ಲಿ ಒಪ್ಪಿಗೆ ಸಿಕ್ಕಿದೆ. ಎಲ್ಲರ ಉರಿಯೂತ ಒಂದೇ ಥರದ್ದಲ್ಲ ಅನ್ನೋದು ಚಿಕಿತ್ಸೆಗೂ ಬಂತು.

ಆ ಮಾತು ಸೋಲ್ನಾದ ಇನ್ನೊಂದು ಫಲಿತಾಂಶದಲ್ಲೂ ಇದೆ, ನನಗೆ ಎಲ್ಲಕ್ಕಿಂತ ಕುತೂಹಲ ಅನ್ನಿಸಿದ್ದು ಅದೇ. ತೊಳೆದ ನೀರಿನ ಕೋಶಗಳಲ್ಲಿರೋ ನೂರಾರು ಪ್ರೋಟೀನುಗಳನ್ನ ಒಟ್ಟಿಗೆ ಅಳೆದು, ಸೇದೋ ರೋಗಿಗಳನ್ನೂ ಸೇದೋ ಆರೋಗ್ಯವಂತರನ್ನೂ ಬೇರ್ಪಡಿಸೋಕಾಗುತ್ತಾ ಅಂತ ಆ ತಂಡ ನೋಡ್ತು. 2013ರಲ್ಲಿ ಬಂದ ಉತ್ತರ: ಹೆಂಗಸರಲ್ಲಿ ಆಗುತ್ತೆ, ಗಂಡಸರಲ್ಲಿ ಆಗಲ್ಲ. 2016ರಲ್ಲಿ ಕೊಬ್ಬಿನಂಶದಿಂದ ಹುಟ್ಟೋ ಕೆಲವು ಸಂದೇಶ ರಾಸಾಯನಿಕಗಳನ್ನ ಅಳೆದಾಗಲೂ ಹೆಂಗಸರಲ್ಲೇ ಬೇರೆ ಗುರುತು ಸಿಕ್ತು. ಒಂದೇ ಹೆಸರಿನ ಕಾಯಿಲೆ ಹೆಂಗಸರ ಎದೆಯಲ್ಲಿ ಬೇರೆ ದಾರಿ ಹಿಡೀತಿರಬಹುದು. ಗಂಡಸರನ್ನೂ ಹೆಂಗಸರನ್ನೂ ಒಂದೇ ಬುಟ್ಟಿಗೆ ಹಾಕಿ ಸರಾಸರಿ ತೆಗೆದಿದ್ರೆ ಇದು ಕಾಣ್ತಾನೇ ಇರಲಿಲ್ಲ.

ಇದನ್ನ ಓದ್ತಾ ನನಗೆ ನಮ್ಮೂರುಗಳ ಅಡುಗೆಮನೆ ನೆನಪಾಗುತ್ತೆ. ನಮ್ಮ ಕಡೆ ಸಿಗರೇಟು ಬೀಡಿ ಮುಟ್ಟದ ಎಷ್ಟೋ ಅಜ್ಜಿಯರಿಗೂ ಅಮ್ಮಂದಿರಿಗೂ ಇದೇ ಕಾಯಿಲೆ. 2016ರ ಅಂದಾಜಿನಲ್ಲಿ ಭಾರತದಲ್ಲಿ ಸಿಓಪಿಡಿ ಇರೋರು ಸುಮಾರು ಐದೂವರೆ ಕೋಟಿ. ಆ ಹೊರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ವಾಯುಮಾಲಿನ್ಯದ್ದು, ಅದರಲ್ಲಿ ಮನೆಯೊಳಗಿನ ಹೊಗೆಯೂ ಸೇರಿದೆ. ತಂಬಾಕಿನ ಪಾಲು ಕಾಲು ಭಾಗದಷ್ಟು. ಸ್ವೀಡನ್ನಿನ ಲೆಕ್ಕವನ್ನ ಹಾಗೇ ತಂದು ಇಲ್ಲಿ ಕೂರಿಸೋಕಾಗಲ್ಲ. ಸೌದೆ ಹೊಗೆಯಿಂದ ಬಂದ ಕಾಯಿಲೆಯಲ್ಲಿ ಗಾಳಿಗೂಡು ಒಡೆಯೋದು ಕಮ್ಮಿ, ಸಣ್ಣ ನಾಳಗಳ ಸುತ್ತ ಕಲೆ ಕಟ್ಟೋದು ಹೆಚ್ಚು ಅಂತ ಮೆಕ್ಸಿಕೊದ ಅಧ್ಯಯನಗಳು ತೋರಿಸಿವೆ. ಅಂದ್ರೆ ಹೊಗೆ ಯಾವುದು ಅನ್ನೋದೂ ಮುಖ್ಯ.

ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಹಳ್ಳಿಗಳ ಹೆಣ್ಣುಮಕ್ಕಳಲ್ಲಿ ಇದನ್ನೇ ಅಳೆದ್ರು. ಅವರ ಅಳತೆಗೋಲು ಎಷ್ಟು ಸರಳ ಅಂದ್ರೆ ನೀವೂ ಮನೆಯಲ್ಲಿ ಕೂತು ಹಾಕಬಹುದು. ದಿನಕ್ಕೆ ಎಷ್ಟು ಗಂಟೆ ಸೌದೆ, ಬೆರಣಿ ಒಲೆ ಮುಂದೆ ಕೂತಿದ್ರಿ, ಅದನ್ನ ಎಷ್ಟು ವರ್ಷ ಕೂತಿದ್ರಿ ಅನ್ನೋದರಿಂದ ಗುಣಿಸಿ. 2013ರಲ್ಲಿ ಅವರು ಪ್ರಕಟಿಸಿದ ಪ್ರಕಾರ ಈ ಸಂಖ್ಯೆ 60 ದಾಟಿದ್ರೆ ದೀರ್ಘಕಾಲದ ಬ್ರಾಂಕೈಟಿಸ್, ಅಂದ್ರೆ ಬಿಡದ ಕಫ ಕೆಮ್ಮು ಬರೋ ಅಪಾಯ ಎದ್ದು ಕಾಣುತ್ತೆ. ದಿನಕ್ಕೆ ಮೂರು ಗಂಟೆ, ಇಪ್ಪತ್ತು ವರ್ಷ, ಅಷ್ಟಕ್ಕೇ 60. ಹದಿನೆಂಟಕ್ಕೆ ಮದುವೆಯಾಗಿ ಬಂದು, ಗ್ಯಾಸು ಬರೋ ಹೊತ್ತಿಗೆ ನಲವತ್ತೆಂಟಾಗಿದ್ದ, ದಿನಕ್ಕೆ ನಾಲ್ಕು ಗಂಟೆ ಊದುಕೊಳವೆ ಹಿಡಿದಿದ್ದ ಅಮ್ಮನ ಸಂಖ್ಯೆ 120.

ಅಂಥವರು ಮನೆಯಲ್ಲಿದ್ದು, “ವಯಸ್ಸಾಯ್ತು, ಅದಕ್ಕೇ ದಮ್ಮು” ಅಂತ ಸುಮ್ನಿದ್ರೆ, ಅಥವಾ ಸೇದೋದು ಬಿಟ್ಟ ಅಪ್ಪನಿಗೆ ಇನ್ನೂ ಕೆಮ್ಮು ಇದ್ರೆ, ಕೇಳಬೇಕಾದ ಪರೀಕ್ಷೆಯ ಹೆಸರು ಸ್ಪೈರೋಮೆಟ್ರಿ. ಸ್ಟೆತಸ್ಕೋಪಿನಿಂದಾಗಲಿ, ಎದೆಯ ಎಕ್ಸ್‌ರೇಯಿಂದಾಗಲಿ ಈ ಕಾಯಿಲೆ ಆರಂಭದಲ್ಲಿ ಸಿಗಲ್ಲ. ಪೂರ್ತಿ ಉಸಿರು ಎಳೆದು, ಕೊಳವೆಗೆ ಬಾಯಿ ಕಚ್ಚಿ, ಜೋರಾಗಿ ಊದಿ, ಖಾಲಿ ಆಗೋವರೆಗೂ ಊದ್ತಾನೇ ಇರಬೇಕು. ನಾಳ ಹಿಗ್ಗಿಸೋ ಔಷಧಿ ಕೊಟ್ಟ ಮೇಲೂ, ಮೊದಲ ಸೆಕೆಂಡಿನಲ್ಲಿ ಬಂದ ಗಾಳಿ ಒಟ್ಟು ಊದಿದ್ದರ ಶೇ. 70ಕ್ಕಿಂತ ಕಮ್ಮಿ ಇದ್ರೆ, ಮುಂದಿನ ಮಾತು ವೈದ್ಯರ ಜತೆ. ಮುಂಚೆ ಸೇದ್ತಿದ್ರೆ ಎಷ್ಟು ವರ್ಷ, ಬಿಟ್ಟಿದ್ರೆ ಯಾವಾಗ, ಸೌದೆ ಒಲೆಯ ಸಂಖ್ಯೆ ಎಷ್ಟು, ಇದನ್ನ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ವೈದ್ಯರು ಕೇಳೋದನ್ನ ಮರೆತ್ರೂ ನೀವೇ ಮುಂದಿಡಿ.